ಮಾರುತಿ 800 ಕಾರ್ಬುರೇಟರ್ ಗಾಡಿ: ಸ್ಲೋ ಸ್ಕ್ರೂ ಪೂರ್ತಿ ಬಿಚ್ಚಿದ್ರೂ ಐಡ್ಲಿಂಗ್ 1500ರಿಂದ ಇಳೀತಿಲ್ಲ

ಹಾಸನ್_800

1998ರ ಮಾರುತಿ 800, ಕಾರ್ಬುರೇಟರ್ (ಪೆಟ್ರೋಲ್-ಗಾಳಿ ಬೆರೆಸಿ ಕೊಡುವ ಭಾಗ) ಮಾಡೆಲ್, ಎ.ಸಿ. ಇದೆ. ಬೆಳಿಗ್ಗೆ ಚೋಕ್ ಎಳೆದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ತೊಂದರೆ ಇಂಜಿನ್ ಬಿಸಿಯಾದ ಮೇಲೆ. ಚೋಕ್ ಪೂರ್ತಿ ಒಳಗೆ ತಳ್ಳಿದ್ರೂ ಐಡ್ಲಿಂಗ್ (ಆಕ್ಸಲೇಟರ್ ಒತ್ತದಾಗಿನ ಇಂಜಿನ್ ವೇಗ) 1400–1500 ಆರ್‌ಪಿಎಂನಲ್ಲೇ ಇರುತ್ತೆ, ಅದೂ ಒಂದೇ ಸಮ ಇಲ್ಲ, ಏರ್ತಾ ಇಳೀತಾ ಇರುತ್ತೆ. ಡ್ಯಾಶ್‌ಬೋರ್ಡಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಟ್ಯಾಕೋ ಇರುವ ಮಲ್ಟಿಮೀಟರನ್ನು ಇಗ್ನಿಷನ್ ಕಾಯಿಲ್‌ಗೆ ಹಾಕಿ, 3 ಸಿಲಿಂಡರಿನ ಸ್ಕೇಲ್ ಇಲ್ಲದ್ದರಿಂದ 6ರ ಸ್ಕೇಲಿನಲ್ಲಿ ನೋಡಿ ಎರಡರಿಂದ ಗುಣಿಸಿದ ಲೆಕ್ಕ ಇದು.

ಆಗಿರುವ ಕೆಲಸ: ಪ್ಲಗ್ ಮೂರೂ ಹೊಸದು, ಏರ್ ಫಿಲ್ಟರ್ ಹೊಸದು, ಕಾರ್ಬುರೇಟರ್ ಬಿಚ್ಚಿ ತೊಳೆದಿದ್ದಾರೆ. ತೊಳೆಯೋಕೆ ಮುಂಚೆಯೂ ಐಡ್ಲಿಂಗ್ ಜಾಸ್ತಿ ಇತ್ತು, ಆಮೇಲೆ ಇನ್ನೂ ಹೆಚ್ಚಾಯ್ತು. ಸ್ಲೋ ಸ್ಕ್ರೂ (ಐಡ್ಲಿಂಗ್ ಏರಿಸಿ ಇಳಿಸುವ ಸ್ಕ್ರೂ) ಈಗ ಲಿವರಿಗೆ ತಾಗ್ತಾನೇ ಇಲ್ಲ, ಅಷ್ಟು ಹಿಂದಕ್ಕೆ ಬಿಚ್ಚಿದೆ. ಮಿಕ್ಸ್ಚರ್ ಸ್ಕ್ರೂ (ಐಡ್ಲಿಂಗಿನ ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸೋದು) ಅರ್ಧ ಸುತ್ತು ತಿರುಗಿಸಿದರೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಎಮಿಷನ್ ಟೆಸ್ಟಿನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) 0.4%, ಎಚ್‌ಸಿ (ಹೈಡ್ರೋಕಾರ್ಬನ್, ಅಂದ್ರೆ ಉರಿಯದ ಪೆಟ್ರೋಲ್) 1900 ಪಿಪಿಎಂ, ಫೇಲ್. ಕಾರ್ಬುರೇಟರ್ ಸವೆದಿದೆ, ಬೇರೆ ಹಾಕಿಸಿ ಅಂತಾರೆ. ಅದಕ್ಕೆ ಮುಂಚೆ ಏನೇನು ನೋಡಬೇಕು?

ಟ್ಯಾಪೆಟ್_ಕವರ್

ಕಾರ್ಬುರೇಟರ್ ಈಗಲೇ ಬದಲಾಯಿಸಬೇಡಿ ಸರ್. ನಿಮ್ಮ ಕೈಲಿರುವ ಎಮಿಷನ್ ಚೀಟಿಯೇ ಅರ್ಧ ಉತ್ತರ ಹೇಳ್ತಿದೆ. ಬಿಎಸ್-2 (ಭಾರತ್ ಸ್ಟೇಜ್ 2 ಹೊಗೆ ನಿಯಮ)ಕ್ಕಿಂತ ಹಳೆಯ ಪೆಟ್ರೋಲ್ ಕಾರಿಗೆ ಮಿತಿ ಸಿಒ 3%, ಎಚ್‌ಸಿ 1500. ನಿಮ್ಮದು ಸಿಒನಲ್ಲಿ ಆರಾಮಾಗಿ ಪಾಸು, ಎಚ್‌ಸಿಯಲ್ಲಿ ಫೇಲ್. ಪೆಟ್ರೋಲ್ ಜಾಸ್ತಿ ಹೋಗ್ತಿದ್ದರೆ ಮೊದಲು ಏರೋದು ಸಿಒ. ಸಿಒ ಕಡಿಮೆ ಇದ್ದು ಎಚ್‌ಸಿ ಮಾತ್ರ ಏರಿದೆ ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಸಾಲದು. ಯಾವುದೋ ಸಿಲಿಂಡರಿನಲ್ಲಿ ಆಗಾಗ ಬೆಂಕಿ ಹತ್ತದೆ ಪೆಟ್ರೋಲ್ ಹಾಗೇ ಹೊರಗೆ ಬರ್ತಿದೆ. ಐಡ್ಲಿಂಗ್ ಏರಿಳಿತಕ್ಕೂ ಅದೇ ಕಾರಣ.

ಸ್ಲೋ ಸ್ಕ್ರೂ ತಾಗದೇ ಇರುವಾಗಲೂ 1500 ಇದೆಯಲ್ಲ, ಅಲ್ಲಿ ಎರಡೇ ದಾರಿ. ಒಂದೋ ಸ್ಕ್ರೂ ಬಿಟ್ಟು ಬೇರೆ ಏನೋ ಥ್ರಾಟಲ್ ಪ್ಲೇಟನ್ನು (ಆಕ್ಸಲೇಟರ್ ಒತ್ತಿದಾಗ ತೆರೆಯುವ ತಟ್ಟೆ) ತೆರೆದು ಹಿಡಿದಿದೆ, ಇಲ್ಲಾ ಥ್ರಾಟಲ್ ಮುಚ್ಚಿದ್ದರೂ ಅದರ ಕೆಳಗಿನಿಂದ ಗಾಳಿ ಎಳೀತಿದೆ. ಮೊದಲನೆಯದಾದರೆ ಸಾಮಾನ್ಯವಾಗಿ ಸಿಒ ಇಷ್ಟು ಕೆಳಗೆ ಬರಲ್ಲ, ಯಾಕಂದ್ರೆ ಪ್ಲೇಟ್ ತೆರೆದಷ್ಟೂ ಅದರ ಅಂಚಿನ ಹತ್ತಿರದ ಪ್ರೋಗ್ರೆಷನ್ ತೂತುಗಳಿಂದ ಪೆಟ್ರೋಲೂ ಬರುತ್ತೆ. ಹಾಗಾಗಿ ನನ್ನ ಅನುಮಾನ ಎರಡನೆಯದರ ಮೇಲೆ.

ಖಚಿತ ಮಾಡಿಕೊಳ್ಳೋಕೆ ಎರಡು ನಿಮಿಷದ ಪರೀಕ್ಷೆ ಇದೆ. ಕಾರ್ಬುರೇಟರಿನ ಬದಿಯಲ್ಲಿ ಒಂದು ವೈರ್ ಬರುವ ಸಣ್ಣ ಹಿತ್ತಾಳೆ ಸಿಲಿಂಡರ್ ಥರ ಇರುತ್ತೆ, ಐಡಲ್ ಕಟ್ ಸೊಲೆನಾಯ್ಡ್ (ಕರೆಂಟ್ ಹೋದರೆ ಐಡ್ಲಿಂಗಿನ ಪೆಟ್ರೋಲ್ ನಿಲ್ಲಿಸುವ ವಾಲ್ವ್). ಕೀ ಆನ್ ಮಾಡಿದಾಗ ಟಕ್ ಅನ್ನಬೇಕು. ಇಂಜಿನ್ ಐಡ್ಲಿಂಗಿನಲ್ಲಿ ಓಡುವಾಗ ಆ ವೈರ್ ಕಿತ್ತುಬಿಡಿ.

ತಕ್ಷಣ ಆಫ್ ಆದರೆ, ಇಂಜಿನ್ ಐಡಲ್ ಸರ್ಕ್ಯೂಟಿನ ಪೆಟ್ರೋಲಿನಲ್ಲೇ ಓಡ್ತಿತ್ತು ಅಂತ ಅರ್ಥ. ಥ್ರಾಟಲ್ ಪ್ಲೇಟ್ ಹೆಚ್ಚುಕಡಿಮೆ ಮುಚ್ಚಿದೆ, ಹೆಚ್ಚಿನ ಗಾಳಿ ಬೇರೆ ಕಡೆಯಿಂದ ಬರ್ತಿದೆ. ಆಫ್ ಆಗದೆ ಓಡ್ತಾನೇ ಇದ್ದರೆ ಪ್ಲೇಟ್ ತೆರೆದಿದೆ, ಇಲ್ಲಾಂದ್ರೆ ಯಾರೋ ಸೊಲೆನಾಯ್ಡಿನ ಸೂಜಿಯ ತುದಿ ಕತ್ತರಿಸಿ ಹಾಕಿದ್ದಾರೆ. ಸೊಲೆನಾಯ್ಡ್ ಕೆಟ್ಟಾಗ ಹೊಸದು ತರೋ ಬದಲು ಹಾಗೆ ಮಾಡೋದು ತುಂಬಾ ಕಡೆ ಇದೆ, ಬಿಚ್ಚಿ ನೋಡಿದರೆ ಗೊತ್ತಾಗುತ್ತೆ.

ಟಕ್ ಶಬ್ದವೇ ಬರದಿದ್ದರೆ ಮೊದಲು ವೈರಿನಲ್ಲಿ 12 ವೋಲ್ಟ್ ಇದೆಯಾ ನೋಡಿ. ಸೊಲೆನಾಯ್ಡ್ ಸತ್ತಿದ್ದರೆ ಐಡ್ಲಿಂಗಿನಲ್ಲಿ ಇಂಜಿನ್ ಓಡದೆ ಆಫ್ ಆಗುತ್ತೆ. ಆಗ ಸ್ಲೋ ಸ್ಕ್ರೂ ಏರಿಸಿ ಪ್ರೋಗ್ರೆಷನ್ ಮೇಲೆ ಓಡಿಸ್ತಾರೆ, ಐಡ್ಲಿಂಗ್ ಜಾಸ್ತಿ ಅಂತ ಬರುವ ಗಾಡಿಗಳಲ್ಲಿ ಎಷ್ಟೋ ಇದೇ ಕೇಸು.

ಕರಾವಳಿ_ಕಾರ್ಬ್

ಮೇಲಿನವರು ಹೇಳಿದ್ದು ಸರಿ, ಒಂದು ಮಾತು ಸೇರಿಸ್ತೀನಿ: ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಬೆರೆತು ಸಿಒ ಸುಳ್ಳೇ ಕಡಿಮೆ ತೋರಿಸುತ್ತೆ. ಆದರೆ ಆಗ ಎಚ್‌ಸಿಯೂ ಕಡಿಮೆ ತೋರಿಸಬೇಕು. ನಿಮ್ಮದು 1900 ಇರೋದರಿಂದ ಮಿಸ್ಸಿಂಗ್ (ಆಗಾಗ ಬೆಂಕಿ ಹತ್ತದಿರೋದು) ಇರೋದಂತೂ ನಿಜ.

ಗಾಳಿ ಹುಡುಕೋಕೆ ಮುಂಚೆ ಐದು ನಿಮಿಷ ಲಿಂಕೇಜ್ ನೋಡಿಬಿಡಿ. ಇಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ಡಬ್ಬಿ ತೆಗೆಯಿರಿ. ಚೋಕ್ ನಾಬ್ ಒಳಗೆ ತಳ್ಳಿದಾಗ ಚೋಕ್ ಪ್ಲೇಟ್ ನೆಟ್ಟಗೆ ನಿಲ್ಲಬೇಕು. ನಾಬ್ ಒಳಗೆ ಹೋಗಿದ್ರೂ ಕೇಬಲ್ಲಿನ ಒಳತಂತಿ ತುಕ್ಕು ಹಿಡಿದು ಲಿವರ್ ಪೂರ್ತಿ ವಾಪಸ್ ಬರದೇ ಇರಬಹುದು. ಚೋಕ್ ಲಿವರಿಗೆ ಫಾಸ್ಟ್ ಐಡಲ್ (ಚೋಕ್ ಎಳೆದಾಗ ಥ್ರಾಟಲನ್ನು ಸ್ವಲ್ಪ ತೆರೆಯುವ ಕೊಂಡಿ) ಜೋಡಿಸಿರುತ್ತೆ, ಲಿವರ್ ಒಂದೆರಡು ಮಿ.ಮೀ. ಉಳಿದರೂ ಥ್ರಾಟಲ್ ತೆರೆದೇ ಇರುತ್ತೆ. ಕೇಬಲ್ಲಿನ ಕ್ಲ್ಯಾಂಪ್ ಸಡಿಲಿಸಿ ಕೈಯಲ್ಲೇ ಲಿವರ್ ತಳ್ಳಿ ನೋಡಿ. ಆಕ್ಸಲೇಟರ್ ವೈರ್ ಬೆರಳಲ್ಲಿ ಒತ್ತಿದರೆ ಸ್ವಲ್ಪ ಸಡಿಲ ಇರಬೇಕು, ತಂತಿ ಬಿಗಿದಿರಬಾರದು. ರಿಟರ್ನ್ ಸ್ಪ್ರಿಂಗ್ ಸರಿಯಾದ ಕೊಕ್ಕೆಯಲ್ಲಿದೆಯಾ ನೋಡಿ. ತೊಳೆದು ಜೋಡಿಸುವಾಗ ತಪ್ಪುವ ಜಾಗ ಅದು.

ಎ.ಸಿ. ಗಾಡಿ ಅಂತೀರಿ. ಹಾಗಾದರೆ ಐಡಲ್-ಅಪ್ ಡಯಾಫ್ರಮ್ ಇರುತ್ತೆ. ಎ.ಸಿ. ಹಾಕಿದಾಗ ವ್ಯಾಕ್ಯೂಮಿನಿಂದ (ಇಂಜಿನ್ ಗಾಳಿ ಎಳೆಯುವ ಎಳೆತ) ಥ್ರಾಟಲ್ ಲಿವರನ್ನು ಸ್ವಲ್ಪ ತಳ್ಳೋದು ಅದರ ಕೆಲಸ. ಎ.ಸಿ. ಆಫ್ ಇದ್ದಾಗ ಅದರ ಕಡ್ಡಿಗೂ ಲಿವರಿಗೂ ಮಧ್ಯೆ ಸಂದು ಕಾಣಬೇಕು. ಕಡ್ಡಿ ತಾಗಿಕೊಂಡೇ ಇದ್ದರೆ ಅದರ ಸ್ಕ್ರೂ ಅತಿಯಾಗಿದೆ, ಇಲ್ಲಾ ವ್ಯಾಕ್ಯೂಮ್ ಕೊಡುವ ವಾಲ್ವ್ ಮುಚ್ಚುತ್ತಿಲ್ಲ. ಡಯಾಫ್ರಮ್ ಹರಿದಿದ್ದರೆ ಅದೇ ಒಂದು ಗಾಳಿ ಸೋರಿಕೆ.

ಇದೆಲ್ಲ ಸರಿ ಇದ್ದರೆ ಹೋಸ್ ಪೈಪುಗಳಿಗೆ ಬನ್ನಿ. ಇಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿದ್ದಾಗ, ಮ್ಯಾನಿಫೋಲ್ಡಿನಿಂದ (ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆ) ಹೊರಡುವ ಒಂದೊಂದೇ ಹೋಸನ್ನು ಬುಡದಲ್ಲೇ ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಹಿಡಿಯಿರಿ: ಬ್ರೇಕ್ ಬೂಸ್ಟರಿನದು, ಪಿಸಿವಿಯದು (ಇಂಜಿನ್ ಒಳಗಿನ ಆವಿಯನ್ನು ವಾಪಸ್ ಎಳೆಯುವ ವಾಲ್ವ್), ಐಡಲ್-ಅಪ್‌ನದು. ಯಾವುದನ್ನು ಒತ್ತಿದಾಗ ಆರ್‌ಪಿಎಂ ಧಪ್ಪನೆ ಇಳೀತದೋ ಸೋರಿಕೆ ಆ ಸಾಲಿನಲ್ಲಿದೆ. ಪಿಸಿವಿ ಒತ್ತಿದಾಗ ಸ್ವಲ್ಪ ಇಳಿಯೋದು ಸಹಜ, ಅಲ್ಲಿಂದ ಹೇಗೂ ಒಂದಿಷ್ಟು ಗಾಳಿ ಹೋಗಲೇಬೇಕು.

ಹೋಸುಗಳಲ್ಲಿ ಏನೂ ಸಿಗದಿದ್ದರೆ ಕಾರ್ಬುರೇಟರಿನ ಬುಡ. ಕೀಲು ಕೀಲಿಗೂ ಸಣ್ಣ ನಳಿಗೆಯಿಂದ ನೀರು ಸಿಂಪಡಿಸಿ. ಸೋರುವ ಜಾಗಕ್ಕೆ ನೀರು ಬಿದ್ದ ಕ್ಷಣ ಇಂಜಿನ್ ಮುಗ್ಗರಿಸುತ್ತೆ ಅಥವಾ ಸದ್ದು ಬದಲಾಗುತ್ತೆ. ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಮತ್ತು ಪ್ಲಗ್ ವೈರಿನ ಮೇಲೆ ನೀರು ಬೀಳದಂತೆ ಪ್ಲಾಸ್ಟಿಕ್ ಮುಚ್ಚಿ, ಇಲ್ಲಾಂದ್ರೆ ಅಲ್ಲಿಂದಾದ ಮಿಸ್ಸಿಂಗನ್ನು ಸೋರಿಕೆ ಅಂದುಕೊಳ್ತೀರಿ. ಕಾರ್ಬ್ ಕ್ಲೀನರ್ ಸ್ಪ್ರೇ ಇದಕ್ಕಿಂತ ಚೆನ್ನಾಗಿ ತೋರಿಸುತ್ತೆ, ಆದರೆ ಅದು ಬೆಂಕಿ ಹತ್ತುವ ವಸ್ತು, ಎಕ್ಸಾಸ್ಟ್ ಕಾದಿರುವಾಗ ಬೇಡ. ಅಗರಬತ್ತಿ ಹಿಡಿದು ಹೊಗೆ ಎಲ್ಲಿಗೆ ಹೋಗುತ್ತೆ ಅಂತ ನೋಡುವ ಪದ್ಧತಿ ಕೆಲವರಿಗಿದೆ. ಪೆಟ್ರೋಲ್ ಆವಿ ಇರುವ ಜಾಗ ಅದು, ದಯವಿಟ್ಟು ಮಾಡಬೇಡಿ.

ಡೆಲ್ಕೋ_ಡಬ್ಬಿ

ಎಲ್ಲರೂ ಗಾಳಿಯ ಹಿಂದೆ ಬಿದ್ದಿದ್ದೀರಿ, ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ಮರೀಬೇಡಿ. ಟೈಮಿಂಗ್ ಮುಂದಿದ್ದರೂ ಐಡ್ಲಿಂಗ್ ಏರುತ್ತೆ. ಈ ಗಾಡಿಗಳಲ್ಲಿ ಡೆಲ್ಕೋದ ವ್ಯಾಕ್ಯೂಮ್ ಅಡ್ವಾನ್ಸ್ (ಎಳೆತದಿಂದ ಟೈಮಿಂಗನ್ನು ಮುಂದೆ ಮಾಡುವ ಭಾಗ) ಹೋಸ್ ಥ್ರಾಟಲ್ ಪ್ಲೇಟಿಗಿಂತ ಸ್ವಲ್ಪ ಮೇಲಿನ ಪೋರ್ಟಿನಿಂದ ಬರುತ್ತೆ. ಪ್ಲೇಟ್ ಮುಚ್ಚಿದಾಗ ಅಲ್ಲಿ ವ್ಯಾಕ್ಯೂಮ್ ಇರಬಾರದು. ಪ್ಲೇಟ್ ಸ್ವಲ್ಪ ಹೆಚ್ಚು ತೆರೆದಿದ್ದರೆ ಐಡ್ಲಿಂಗಿನಲ್ಲೇ ಪೋರ್ಟಿಗೆ ವ್ಯಾಕ್ಯೂಮ್ ಸಿಕ್ಕಿ ಟೈಮಿಂಗ್ ಮುಂದಕ್ಕೆ ಹೋಗುತ್ತೆ, ಆರ್‌ಪಿಎಂ ಏರುತ್ತೆ, ಏರಿದ್ದು ಕೆಳಗೆ ಬರಲ್ಲ. ಹೋಸ್ ಕಿತ್ತು ಬೆರಳಿಟ್ಟು ನೋಡಿ. ಎಳೆತ ಗೊತ್ತಾದರೆ, ಇಲ್ಲಾ ಹೋಸ್ ಕಿತ್ತಾಗ ಐಡ್ಲಿಂಗ್ ಇಳಿದರೆ ಪ್ಲೇಟ್ ತೆರೆದಿದೆ. ಅದೇ ಹೋಸ್ ಡೆಲ್ಕೋಗೆ ಹಾಕಿಯೇ ಇಟ್ಟು, ಕಾರ್ಬುರೇಟರ್ ಕಡೆಯ ತುದಿಯನ್ನು ಬಾಯಲ್ಲಿ ಎಳೆದು ನಾಲಿಗೆ ಅಡ್ಡ ಇಡಿ. ಎಳೆತ ಹಾಗೇ ನಿಂತರೆ ಡಯಾಫ್ರಮ್ ಚೆನ್ನಾಗಿದೆ.

ಇನ್ನೊಂದು, ಡೆಲ್ಕೋ ಒಳಗಿನ ತೂಕದ ಸ್ಪ್ರಿಂಗುಗಳು (ವೇಗ ಏರಿದಂತೆ ಟೈಮಿಂಗನ್ನು ಮುಂದೆ ಮಾಡುವ ತೂಕಗಳನ್ನು ಹಿಡಿದಿಡೋದು). ಸಡಿಲವಾಗಿದ್ದರೆ ಇಂಜಿನ್‌ಗೆ ಎರಡು ಐಡ್ಲಿಂಗ್ ಬಂದುಬಿಡುತ್ತೆ: ಒಮ್ಮೆ 900, ಒಮ್ಮೆ 1500. ಕಂಡುಹಿಡಿಯೋದು ಹೀಗೆ. ಸಮತಟ್ಟು ಜಾಗ, ಮುಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಹಾಕಿ, ಕಾಲು ಬ್ರೇಕೂ ಒತ್ತಿ, ನಾಲ್ಕನೇ ಗೇರಿನಲ್ಲಿ ಕ್ಲಚ್ ನಿಧಾನ ಬಿಟ್ಟು ಇಂಜಿನ್ ಸ್ವಲ್ಪ ಕುಗ್ಗಿಸಿ, ಮತ್ತೆ ಕ್ಲಚ್ ಒತ್ತಿ. ಕೆಳಗಿಳಿದ ಮೇಲೆ 900ರಲ್ಲೇ ನಿಂತುಬಿಟ್ಟರೆ ಸ್ಪ್ರಿಂಗಿನ ಕೆಲಸ. ತಿರುಗಿ 1500ಕ್ಕೆ ಏರಿದರೆ ಗಾಳಿ ಅಥವಾ ಥ್ರಾಟಲ್.

ಸಿಬಿ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಸ್ವಿಚ್) ಇರುವ ಡೆಲ್ಕೋ ಆದರೆ ಗ್ಯಾಪ್ 0.4–0.5 ಮಿ.ಮೀ., ಪ್ಲಗ್ ಗ್ಯಾಪ್ 0.7–0.8. ಫೈರಿಂಗ್ ಆರ್ಡರ್ 1-3-2. ಪ್ಲಗ್ ಹೊಸದು ಅಂದಿರಿ. ಹೊಸದನ್ನೂ ಫೀಲರ್ ಗೇಜಲ್ಲಿ ನೋಡಿಯೇ ಹಾಕಬೇಕು. ಆಮೇಲೆ ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡಿ. ಕೈಗೆ ಶಾಕ್ ತಗಲದ ಇಕ್ಕಳ ಇರಲಿ, ಕಿತ್ತ ವೈರನ್ನು ಗಾಳಿಯಲ್ಲಿ ಬಿಡದೆ ಬಾಡಿಗೆ ತಾಗಿಸಿ ಹಿಡಿಯಿರಿ. ಮೂರೇ ಸಿಲಿಂಡರ್ ಇರುವ ಇಂಜಿನ್ ಇದು, ಯಾವುದನ್ನು ಕಿತ್ತರೂ ಜೋರಾಗಿ ಕುಗ್ಗಬೇಕು. ಒಂದನ್ನು ಕಿತ್ತಾಗ ವ್ಯತ್ಯಾಸ ಕಡಿಮೆ ಅಂದ್ರೆ ತೊಂದರೆ ಆ ಸಿಲಿಂಡರಿನ ಹತ್ತಿರ.

ಹಾಸನ್_800

ಎಲ್ಲರಿಗೂ ಧನ್ಯವಾದ. ಮಾಡಿದ್ದು ಮತ್ತು ಕಂಡದ್ದು:

ಸೊಲೆನಾಯ್ಡ್ ಟಕ್ ಅನ್ನುತ್ತೆ, ವೈರ್ ಕಿತ್ತ ಕೂಡಲೇ ಇಂಜಿನ್ ಆಫ್. ಚೋಕ್ ಪ್ಲೇಟ್ ನೆಟ್ಟಗೆ ನಿಲ್ಲುತ್ತೆ. ಐಡಲ್-ಅಪ್ ಕಡ್ಡಿಗೆ ಸಂದು ಇದೆ. ಅಡ್ವಾನ್ಸ್ ಪೋರ್ಟಿನಲ್ಲಿ ಎಳೆತ ಇಲ್ಲ. ಕ್ಲಚ್ ಬಿಟ್ಟು ಕುಗ್ಗಿಸಿದರೆ ಮತ್ತೆ 1500ಕ್ಕೇ ಏರುತ್ತೆ. ಬೂಸ್ಟರ್ ಹೋಸ್ ಒತ್ತಿದರೆ ಏನೂ ಇಲ್ಲ, ಪಿಸಿವಿ ಒತ್ತಿದರೆ 50ರಷ್ಟು ಇಳಿಯುತ್ತೆ. ಕಾರ್ಬುರೇಟರಿನ ಬುಡದ ಒಂದು ಮೂಲೆಗೆ ನೀರು ಹಾಕಿದಾಗ ಪ್ರತಿ ಸಲವೂ ಇಂಜಿನ್ ಮುಗ್ಗರಿಸಿತು. ವ್ಯಾಕ್ಯೂಮ್ ಗೇಜ್ ಸಿಕ್ಕಿತು, 12 ಇಂಚು ತೋರಿಸ್ತಿದೆ, ಮುಳ್ಳು ಹೆಚ್ಚು ಕುಣಿಯಲ್ಲ. ಪುಸ್ತಕದಲ್ಲಿ 17–21 ಅಂತಿದೆ. ಅಷ್ಟೊಂದು ಕಡಿಮೆಯಾ?

ಕರಾವಳಿ_ಕಾರ್ಬ್

17–21 ಇಂಚು ಅನ್ನೋದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೀಬೇಕು. ಹಾಸನ, ಬೆಂಗಳೂರು ಎಲ್ಲ ಸುಮಾರು ಮೂರು ಸಾವಿರ ಅಡಿ ಎತ್ತರ, ಅಲ್ಲಿ 14–18 ಬಂದರೆ ಚೆನ್ನಾಗಿದೆ ಅಂತಲೇ ಅರ್ಥ. ಆದರೂ ನಿಮ್ಮ 12 ಕಡಿಮೆಯೇ. ಮುಳ್ಳು ಸ್ಥಿರವಾಗಿದ್ದು ಕೆಳಗಿದೆ ಅಂದ್ರೆ ಸೋರಿಕೆ ಅಥವಾ ಟೈಮಿಂಗ್ ಹಿಂದೆ. ಟೈಮಿಂಗ್ ಹಿಂದಿದ್ದರೆ ಐಡ್ಲಿಂಗ್ ಏರಲ್ಲ. ಒಂದು ತಾಳದಲ್ಲಿ ಮುಳ್ಳು ಕೆಳಗೆ ಬಡಿದು ಬಡಿದು ಬಂದಿದ್ದರೆ ವಾಲ್ವ್ ನೋಡಿ ಅಂತಿದ್ದೆ, ಅದಿಲ್ಲ. ಬುಡ ಬಿಚ್ಚಿ.

ಟ್ಯಾಪೆಟ್_ಕವರ್

ಹೌದು, ಬುಡವೇ. ತೊಳೆದ ಮೇಲೆ ಹೆಚ್ಚಾಯ್ತು ಅಂತ ಮೊದಲೇ ಬರೆದಿದ್ದಿರಿ. ಹಳೇ ಪ್ಯಾಕಿಂಗನ್ನೇ (ಗ್ಯಾಸ್ಕೆಟ್) ವಾಪಸ್ ಹಾಕಿದಾಗ ಆಗೋದು ಇದೇ.

ಕಾರ್ಬುರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಬೇಕಲೈಟಿನ ದಪ್ಪ ಇನ್ಸುಲೇಟರ್ ಇದೆ, ಅದರ ಮೇಲೊಂದು ಕೆಳಗೊಂದು ಪ್ಯಾಕಿಂಗ್. ಇಂಜಿನ್ನಿನ ಶಾಖ ಕಾರ್ಬುರೇಟರಿಗೆ ಏರಿ ಪೆಟ್ರೋಲ್ ಕುದಿಯದಂತೆ ತಡೆಯೋದು ಅದರ ಕೆಲಸ. ಸೋರುತ್ತೆ ಅಂತ ನಟ್ಟನ್ನು ಮತ್ತೆ ಮತ್ತೆ ಬಿಗಿದರೆ ಇನ್ಸುಲೇಟರ್ ಬಿರುಕು ಬಿಡುತ್ತೆ, ಕಾರ್ಬುರೇಟರಿನ ಅಲ್ಯೂಮಿನಿಯಂ ಕಿವಿಗಳು ಕೆಳಕ್ಕೆ ಬಾಗುತ್ತವೆ, ಮಧ್ಯಭಾಗ ಮೇಲೆದ್ದು ಸೋರಿಕೆ ಇನ್ನೂ ಹೆಚ್ಚುತ್ತೆ.

ಕಾರ್ಬುರೇಟರ್ ಇಳಿಸಿದ ಮೇಲೆ ತಳಕ್ಕೆ ಸ್ಟೀಲ್ ಸ್ಕೇಲ್ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ಬೆಳಕಿಗೆ ಹಿಡಿಯಿರಿ. 0.1 ಮಿ.ಮೀ. ಫೀಲರ್ ಒಳಗೆ ತೂರಿದರೆ ತಳ ಸೊಟ್ಟಗಿದೆ. ಸ್ವಲ್ಪವೇ ಆದರೆ ದಪ್ಪ ಗಾಜಿನ ಮೇಲೆ 320 ನಂಬರ್ ವಾಟರ್ ಪೇಪರ್ ಅಂಟಿಸಿ, ಎಂಟರ ಆಕಾರದಲ್ಲಿ ಉಜ್ಜಿ ಸಮ ಮಾಡಬಹುದು. ಉಜ್ಜಿದ ಮೇಲೆ ಎಲ್ಲ ತೂತುಗಳಿಗೂ ಗಾಳಿ ಹೊಡೆದು ತೊಳೆಯದೆ ಹಾಕಬಾರದು. ಇನ್ಸುಲೇಟರ್ ಬಿರುಕಿದ್ದರೆ ಹೊಸದೇ. ಅಂಟು ಹಚ್ಚಿ ಉಳಿಸಬೇಡಿ. ಪ್ಯಾಕಿಂಗ್ ಎರಡೂ ಹೊಸದು, ಒಣಗಿದ್ದ ಹಾಗೇ ಹಾಕಿ. ಸಿಲಿಕಾನ್ ಪೇಸ್ಟ್ ಬೇಡವೇ ಬೇಡ: ಪೆಟ್ರೋಲಿಗೆ ಅದು ಮೆತ್ತಗಾಗಿ ಚೂರುಚೂರಾಗಿ ಒಳಗೆ ಹೋಗುತ್ತೆ. ನಟ್ಟುಗಳನ್ನು ಎದುರುಬದುರು, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಣ್ಣ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲ ಸಾಕು, ಪೈಪ್ ಹಾಕಿ ಬಿಗಿಯುವ ಜಾಗ ಅಲ್ಲ.

ಕಾರ್ಬುರೇಟರ್ ಕೈಯಲ್ಲಿರುವಾಗಲೇ ಥ್ರಾಟಲ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಅಲ್ಲಿಂದಲೂ ಗಾಳಿ ಎಳೆಯುತ್ತೆ. ಅದಕ್ಕೆ ಬುಷ್ ಹಾಕುವ ಲೇತ್ ಕೆಲಸ ಬೇಕು. ಎರಡನೇ ಬ್ಯಾರಲ್ಲಿನ ಪ್ಲೇಟನ್ನೂ ಬೆಳಕಿಗೆ ಹಿಡಿದು ನೋಡಿ, ಅದು ಪೂರ್ತಿ ಮುಚ್ಚಿರಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಸುತ್ತಲೂ ಸಮ ಕಂಡರೆ ಪರವಾಗಿಲ್ಲ, ಒಂದೇ ಕಡೆ ಕಂಡರೆ ಪ್ಲೇಟ್ ಓರೆಯಾಗಿದೆ.

ಐಡಲ್ ಜೆಟ್ಟಿಗೆ ಪಿನ್ ಹಾಕಬೇಡಿ, ತೂತು ದೊಡ್ಡದಾಗುತ್ತೆ. ಕ್ಲೀನರ್ ಮತ್ತು ಗಾಳಿ ಸಾಕು.

ಇನ್ನೊಂದು ವಿಷಯ ಇ20. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್. ಬರೀ ಪೆಟ್ರೋಲಿಗೆ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕಾದರೆ ಇ20ಗೆ ಸುಮಾರು 13.5 ಸಾಕು. ಕಾರ್ಬುರೇಟರಿಗೆ ಇದು ಗೊತ್ತಾಗಲ್ಲ, ಹಳೇ ಜೆಟ್ಟಿನಲ್ಲೇ ಅಳೆದು ಕೊಡುತ್ತೆ. ಹಾಗಾಗಿ ಮೊದಲೇ ಮಿಶ್ರಣ ತೆಳು. ಅದರ ಮೇಲೆ ಸಣ್ಣ ಸೋರಿಕೆ ಸೇರಿದರೂ ಐಡ್ಲಿಂಗ್ ನಡುಗೋಕೆ ಶುರು. ಹಳೆಯ ರಬ್ಬರಿಗೂ ಎಥನಾಲ್ ಒಗ್ಗಲ್ಲ. ಪೆಟ್ರೋಲ್ ಹೋಸ್, ಆಕ್ಸಲರೇಷನ್ ಪಂಪಿನ ಡಯಾಫ್ರಮ್ ಉಬ್ಬಿದೆಯಾ, ಗಟ್ಟಿಯಾಗಿದೆಯಾ ಇದೇ ಸಲ ನೋಡಿಬಿಡಿ.

ಜೆನ್_ಪ್ರಿಯ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಮ್ಮದು 2003ರ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್) ಗಾಡಿ. ಐಡ್ಲಿಂಗ್ 1000ದಿಂದ 2000ಕ್ಕೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ, ಗಡಿಯಾರದ ಹಾಗೆ. ಥ್ರಾಟಲ್ ಬಾಡಿ ಕ್ಲೀನ್ ಮಾಡಿಸುವಾಗ ಸ್ಟಾಪ್ ಸ್ಕ್ರೂ ಸ್ವಲ್ಪ ತಿರುಗಿಸಿದ್ದಾರೆ ಅನ್ಸುತ್ತೆ. ಮೇಲಿನದೇ ವಿಧಾನ ನಡೆಯುತ್ತಾ?

ಡೆಲ್ಕೋ_ಡಬ್ಬಿ

ಸೋರಿಕೆ ಹುಡುಕೋ ವಿಧಾನ ಅದೇ, ಆದರೆ ಲಕ್ಷಣ ಬೇರೆ. ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡಿನ ಒತ್ತಡ ಅಳೆಯೋದು) ಇರುವ ಎಂಪಿಎಫ್‌ಐನಲ್ಲಿ ಸೋರಿಕೆಯ ಗಾಳಿಯನ್ನೂ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಲೆಕ್ಕಕ್ಕೆ ತಗೊಂಡು ಪೆಟ್ರೋಲ್ ಕೊಟ್ಟುಬಿಡುತ್ತೆ, ಅದಕ್ಕೇ ಮಿಸ್ಸಿಂಗ್ ಇಲ್ಲದೆ ಆರ್‌ಪಿಎಂ ಮಾತ್ರ ಏರುತ್ತೆ. ಪೆಡಲ್ ಬಿಟ್ಟಿದೆ ಅಂತ ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್) ಹೇಳುತ್ತಿರುವಾಗ ಆರ್‌ಪಿಎಂ ಅಷ್ಟು ಮೇಲಿದ್ದರೆ, ಗಾಡಿ ಇಳಿಜಾರಿನಲ್ಲಿದೆ ಅಂತ ಇಸಿಯು ಪೆಟ್ರೋಲ್ ನಿಲ್ಲಿಸುತ್ತೆ. ಆರ್‌ಪಿಎಂ ಬೀಳುತ್ತೆ, ಮತ್ತೆ ಪೆಟ್ರೋಲ್ ಬಿಡುತ್ತೆ, ಮತ್ತೆ ಏರುತ್ತೆ. ನಿಮ್ಮ ತಾಳ ಅದೇ.

ಸ್ಟಾಪ್ ಸ್ಕ್ರೂ ತಿರುಗಿಸಿದ್ದರೆ ಮೊದಲು ಅದು. ಕಾರ್ಖಾನೆಯಲ್ಲಿ ಬಣ್ಣ ಹಾಕಿ ಮುಚ್ಚಿರುವ ಸ್ಕ್ರೂ, ಐಡ್ಲಿಂಗ್ ಹೊಂದಿಸೋಕೆ ಇರೋದಲ್ಲ. ಪ್ಲೇಟ್ ಬೋರಿಗೆ ಕಚ್ಚದಂತೆ ತಡೆಯೋಕೆ ಮಾತ್ರ. ಬಣ್ಣದ ಗುರುತಿಗೆ ವಾಪಸ್ ತನ್ನಿ. ಆಮೇಲೆ ಐಎಸ್‌ಸಿ ವಾಲ್ವ್ (ಐಡ್ಲಿಂಗಿನ ಗಾಳಿ ಹೊಂದಿಸೋದು) ಬಿಚ್ಚಿ ಮಸಿ ತೆಗೆಯಿರಿ, ಅದರ ಓರಿಂಗ್ ಹೊಸದು ಹಾಕಿ. ಟಿಪಿಎಸ್ ವೋಲ್ಟೇಜ್ ಪೆಡಲ್ ಬಿಟ್ಟಾಗ 1 ವೋಲ್ಟಿಗಿಂತ ಕೆಳಗಿರಬೇಕು, ನಿಧಾನ ಒತ್ತಿದಂತೆ ಎಲ್ಲೂ ಹಾರದೆ ಏರಬೇಕು.

ರೇಡಿಯೇಟರಿನ ನೀರು ನೋಡಿ. ಕೂಲೆಂಟ್ ಕಡಿಮೆಯಾಗಿ ಕೂಲೆಂಟಿನ ಬಿಸಿ ಅಳೆಯುವ ಸೆನ್ಸರಿನ ಹತ್ತಿರ ಗಾಳಿ ನಿಂತಿದ್ದರೆ, ಇಲ್ಲಾ ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೆ, ಇಂಜಿನ್ ತಣ್ಣಗಿದೆ ಅಂತ ತಿಳಿದು ಇಸಿಯು ಐಡ್ಲಿಂಗ್ ಏರಿಸುತ್ತೆ. ಸೆನ್ಸರ್ ಕಿತ್ತು ಓಮ್ಸ್ ಅಳೆಯಿರಿ: 20 ಡಿಗ್ರಿಯಲ್ಲಿ ಸುಮಾರು 2.2–2.7 ಕಿಲೋಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು ಬರಬೇಕು. ಬಿಸಿಯಲ್ಲೂ ಸಾವಿರ ದಾಟಿದ್ದರೆ ಸೆನ್ಸರ್ ಬದಲಿಸಿ. ಎಲ್ಲ ಮುಗಿದ ಮೇಲೆ ಬ್ಯಾಟರಿ ನೆಗೆಟಿವ್ ಸ್ವಲ್ಪ ಹೊತ್ತು ಬಿಚ್ಚಿ ಹಾಕಿ, ಎ.ಸಿ. ಲೈಟು ಏನೂ ಹಾಕದೆ ಹತ್ತು ನಿಮಿಷ ಐಡ್ಲಿಂಗ್ ಬಿಡಿ. ಎಮಿಷನ್ ಮಿತಿಯೂ ನಿಮಗೆ ಬೇರೆ. ಬಿಎಸ್-2 ಗಾಡಿಗೆ ಸಿಒ 0.5%, ಎಚ್‌ಸಿ 750.

ಹಾಸನ್_800

ಇನ್ಸುಲೇಟರಿನಲ್ಲಿ ಸ್ಟಡ್ ತೂತಿನಿಂದ ಅಂಚಿನ ತನಕ ಬಿರುಕು ಇತ್ತು. ಕಾರ್ಬುರೇಟರಿನ ತಳ 0.1 ಫೀಲರ್ ಹಿಡಿಯಲಿಲ್ಲ, ಶಾಫ್ಟಿನಲ್ಲಿ ಸ್ವಲ್ಪ ಆಟ ಇದೆ. ಇನ್ಸುಲೇಟರ್, ಪ್ಯಾಕಿಂಗ್ ಹೊಸದು ತಂದಿದ್ದೇನೆ. ಹಾಕಿದ ಮೇಲೆ ಸ್ಕ್ರೂಗಳನ್ನು ಎಲ್ಲಿಂದ ಶುರು ಮಾಡಲಿ?

ಕರಾವಳಿ_ಕಾರ್ಬ್

ಹಾಕಿದ ಕೂಡಲೇ ಇಂಜಿನ್ ಐಡ್ಲಿಂಗಿನಲ್ಲಿ ನಿಲ್ಲದೇ ಆಫ್ ಆಗಬಹುದು, ಗಾಬರಿ ಬೇಡ. ಸ್ಲೋ ಸ್ಕ್ರೂ ಲಿವರಿಗೆ ತಾಗ್ತಾನೇ ಇರಲಿಲ್ಲವಲ್ಲ. ತಾಗಿದ ಮೇಲೆ ಒಂದು ಸುತ್ತು ಒಳಗೆ ಕೊಡಿ. ಮಿಕ್ಸ್ಚರ್ ಸ್ಕ್ರೂವನ್ನು ಬೆರಳಿನ ಬಲದಲ್ಲಿ ಮಾತ್ರ ಪೂರ್ತಿ ಒಳಗೆ ಕೂರಿಸಿ, ಅಲ್ಲಿಂದ ಎರಡೂವರೆ ಸುತ್ತು ಹೊರಗೆ. ಬಿಗಿದು ಕೂರಿಸಿದರೆ ಸೂಜಿಯ ತುದಿಗೆ ಉಂಗುರದಂತೆ ಗಾಯ ಬಿದ್ದು ಇನ್ನು ಯಾವತ್ತೂ ನಯವಾಗಿ ಹೊಂದಲ್ಲ.

ಏರ್ ಫಿಲ್ಟರ್ ಹಾಕಿಯೇ, ಎ.ಸಿ., ಹೆಡ್‌ಲೈಟ್ ಆಫ್ ಇಟ್ಟು, ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಂತ ಮೇಲೆ ಸೆಟ್ಟಿಂಗ್ ಶುರು ಮಾಡಿ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸ್ತಾ, ಪ್ರತಿ ಸಲ ಹತ್ತು ಸೆಕೆಂಡ್ ಕಾದು, ಆರ್‌ಪಿಎಂ ಅತಿ ಹೆಚ್ಚು ಬರುವ ಜಾಗ ಹುಡುಕಿ. ಸ್ಲೋ ಸ್ಕ್ರೂನಿಂದ 950ಕ್ಕೆ ಇಳಿಸಿ. ಮತ್ತೆ ಮಿಕ್ಸ್ಚರಿನ ಮೇಲ್ತುದಿ ಹುಡುಕಿ, ಅಲ್ಲಿಂದ ಒಳಗೆ ತಿರುಗಿಸಿ 50 ಇಳಿಯುವಷ್ಟಕ್ಕೆ ನಿಲ್ಲಿಸಿ. ಈಗ ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತಿಗೂ ಸ್ಪಷ್ಟವಾಗಿ ಉತ್ತರ ಕೊಡಬೇಕು. ಕೊಟ್ಟರೆ ಐಡಲ್ ಸರ್ಕ್ಯೂಟ್ ಆರೋಗ್ಯವಾಗಿದೆ.

900ರಲ್ಲಿ ಮೂರು ಸಿಲಿಂಡರಿನ ಸಣ್ಣ ನಡುಕ ಸ್ಟೀರಿಂಗಿನಲ್ಲಿ ಉಳಿದೇ ಉಳಿಯುತ್ತೆ, ಅದನ್ನು ಹೋಗಲಾಡಿಸೋಕೆ ಅಂತ ಆರ್‌ಪಿಎಂ ಏರಿಸಬೇಡಿ. ತೀರಾ ಹೆಚ್ಚಿದ್ದರೆ ಇಂಜಿನ್ ಮೌಂಟಿಂಗ್ ನೋಡಿ. ಎಮಿಷನ್ ಟೆಸ್ಟಿಗೆ ಹೋದಾಗ ಸಿಒ 1ರಿಂದ 2%ರ ನಡುವೆ ಇರುವಂತೆ ಇಟ್ಟರೆ ಎಚ್‌ಸಿ ತಾನಾಗಿ ಇಳಿದಿರುತ್ತೆ. ಇಷ್ಟಾದ ಮೇಲೂ ಸ್ಲೋ ಸ್ಕ್ರೂ ತಾಗದೇ 1100ಕ್ಕಿಂತ ಕೆಳಗೆ ಬರದಿದ್ದರೆ, ಅಥವಾ ಆಕ್ಸಲೇಟರ್ ಬಿಟ್ಟಾಗ ಒಂದೊಂದು ಸಲ ಒಂದೊಂದು ಕಡೆ ನಿಂತರೆ, ಆ ಶಾಫ್ಟಿನ ಆಟಕ್ಕೆ ಬುಷ್ ಹಾಕಿಸಿ. ಬುಷ್ ಹಾಕಿದ ಮೇಲೆ ಪ್ಲೇಟಿನ ಸ್ಕ್ರೂ ಬಿಗಿಯುವ ಮುಂಚೆ ಥ್ರಾಟಲ್ ಎರಡು ಮೂರು ಸಲ ಟಪ್ ಅಂತ ಮುಚ್ಚಿಸಿ ಪ್ಲೇಟನ್ನು ಬೋರಿನ ಮಧ್ಯಕ್ಕೆ ಕೂರಿಸಬೇಕು, ಆಮೇಲೆ ಸ್ಕ್ರೂ ತುದಿಯನ್ನು ಹಿಂದಿನಿಂದ ಬಡಿದು ಲಾಕ್ ಮಾಡಬೇಕು. ಲಾಕ್ ಮಾಡದ ಸ್ಕ್ರೂ ಸಡಿಲಾದರೆ ನೇರ ಸಿಲಿಂಡರಿಗೆ ಬೀಳುತ್ತೆ, ಲೇತಿನವರಿಗೆ ಇದನ್ನು ಬಾಯಿ ಬಿಟ್ಟು ಹೇಳಿ.